ಕೆಂಟನ್‌ನಿಂದ ಸಟನ್‌ಗೆ, ಐದು ನಿಂಬೆಹಣ್ಣುಗಳೊಂದಿಗೆ

ಮೇ ಹತ್ತು, ಶನಿವಾರ ಬೆಳಿಗ್ಗೆ 9:20ಕ್ಕೆ ಕಾಕಾ, ಕಾಕು ಮತ್ತು ನಾನು ಕೆಂಟನ್‌ನ ಮನೆ ಬಿಟ್ಟೆವು. ಒಳ್ಳೆಯ ಬಿಸಿಲು, ಹದಿನೇಳು ಡಿಗ್ರಿ. ಲಂಡನ್ನಿನಲ್ಲಿ ಇಪ್ಪತ್ತೆಂಟು ವರ್ಷ ಬಸ್ ಓಡಿಸಿ ನಿವೃತ್ತರಾದ ಕಾಕಾ ತಮ್ಮ ಕನಸಿನ ಗಾಡಿಯನ್ನು ಕೊನೆಗೂ ಕೊಂಡಿದ್ದರು: ಅಮೆರಿಕದಲ್ಲಿ ತಯಾರಾದ ಹಳೆಯ ಮೋಟರ್‌ಹೋಮ್. ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇವೆ. ಎಲ್ಲಕ್ಕಿಂತ ಸೋಜಿಗವೆಂದರೆ, ಗುಂಡಿ ಒತ್ತಿದರೆ ಗಾಡಿಯ ಪಕ್ಕೆಯಿಂದ ಸೋಫಾ ಸಮೇತ ಒಂದು ಕೋಣೆಯೇ ಹೊರಗೆ ಚಾಚಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಒಳಗೆ ಸರಿಯುತ್ತದೆ. ಕಾಕಾ ಅದನ್ನು ಖೋಲಿ ಎನ್ನುತ್ತಾರೆ.

ಗಾಡಿ ಇಟ್ಟುಕೊಳ್ಳಲು ಕಾಕು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಒಂದ ರಾತ್ರಿ ಸಟನ್ ತನಕ ಹೋಗಿ ಬರೂಣು. ಎಲ್ಲ್ಯರ ಕೆಟ್ಟು ನಿಂತ್ರ ಮಾರಿಬಿಡೂದು." ಗಾಡಿ ಕೊಳ್ಳಲು ಆಸೆಪಟ್ಟ ಒಬ್ಬರ ಫೋನ್ ನಂಬರಿನ ಚೀಟಿ ಆಗಲೇ ಅವರ ಪರ್ಸಿನಲ್ಲಿತ್ತು.

ಹೊರಡುವ ಮೊದಲು ಪೂಜೆ. ಅಕ್ಕಪಕ್ಕದವರೂ ನೋಡಲಿ ಎಂದು ಕಾಕಾ ಖೋಲಿಯನ್ನು ಹೊರಗೆ ಚಾಚಿ ನಿಲ್ಲಿಸಿದ್ದರು. ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ಕಾಕುವಿನದು. ನಾನು ಗೋದಾಮಿನಲ್ಲಿ ದಾಸ್ತಾನು ಎಣಿಸುವವಳು, ಎಣಿಸಿದ್ದನ್ನೆಲ್ಲ ಬರೆದಿಡುವ ಚಟ. ಡೈರಿಯಲ್ಲಿ ಹೀಗಿದೆ: ನಿಂಬೆಹಣ್ಣು ಐದು, ಗಾಲಿಗೆ ನಾಲ್ಕು, ಸಂಜೆಯ ಚಿತ್ರಾನ್ನಕ್ಕೆ ಒಂದು. ಕಾಕಾ ಖೋಲಿಯನ್ನು ಒಳಗೆ ತೆಗೆದುಕೊಂಡಾಗ ಎಲ್ಲೋ 'ಟಕ್' ಎಂದಿತು. ಆ ಸಡಗರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿ ನಿಂಬೆಹಣ್ಣು ಜಜ್ಜುತ್ತ ಹೊರಟಿತು.

ಐದು ಮೈಲಿ ದಾಟಿ ಗ್ರೀನ್‌ಫರ್ಡ್‌ನಲ್ಲಿ ಗಾಲಿಗಳಿಗೆ ಗಾಳಿ ತುಂಬಿಸಿ, ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಲ್ಲಿಂದ ಮುಂದೆ ವೇಗ ಏರಿದಾಗಲೆಲ್ಲ ಖೋಲಿಯ ಅಂಚಿನಿಂದ ಸಣ್ಣ ಸಿಳ್ಳೆ ಕೇಳತೊಡಗಿತು.

"ಯಾರ್ ಸೀಟಿ ಹೊಡ್ಯಾಕತ್ತಾರ?" ಎಂದರು ಕಾಕು.

"ಗಾಡಿಗೂ ಖುಷಿ ಆಗೈತಿ. ಹಾಡಾಕತ್ತೈತಿ," ಎಂದರು ಕಾಕಾ.

ನನಗೂ ಹಾಡಬೇಕೆನಿಸಿತ್ತು. ತಗ್ಗಿನ ಸೇತುವೆಗಳ ಎತ್ತರವೆಲ್ಲ ಕಾಕಾಗೆ ಬಾಯಿಪಾಠ. ಎರಡು ಕಡೆ ಅವುಗಳನ್ನು ತಪ್ಪಿಸಲೆಂದೇ ಸುತ್ತು ಹಾಕಿದರು. ಥೇಮ್ಸ್ ದಾಟುವಾಗ ನಾನು ಚಪ್ಪಾಳೆಯನ್ನೇ ಹೊಡೆದೆ. ದಿನಾ ಟ್ಯೂಬಿನಲ್ಲಿ ನೆಲದ ಕೆಳಗೆ ಓಡಾಡುವವಳಿಗೆ ಮನೆಯನ್ನೇ ಜೊತೆಗೆ ಕರೆದುಕೊಂಡು ನದಿ ದಾಟುವುದು ಸಣ್ಣ ಸಂಗತಿಯಲ್ಲ. 12:35ಕ್ಕೆ ಸಟನ್ ಹತ್ತಿರದ ಕ್ಯಾಂಪಿಂಗ್ ಮೈದಾನ ತಲುಪಿದೆವು. ಒಟ್ಟು ಇಪ್ಪತ್ತನಾಲ್ಕು ಮೈಲಿ.

ಖೋಲಿ ಹೊರಗೇನೋ ಬಂತು. ಆದರೆ ಅದರ ಕಪಾಟಿನ ಬಾಗಿಲು ಎಷ್ಟು ಸಲ ಹಾಕಿದರೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಸಂಜೆ ಚಿತ್ರಾನ್ನಕ್ಕೆ ಹುಡುಕಿದರೆ ನಿಂಬೆಹಣ್ಣು ಇಲ್ಲ. "ಇರಲಿ ಬಿಡವಾ, ಹುಣಸಿಹಣ್ಣು ಐತಿ," ಎಂದರು ಕಾಕು. ಡೈರಿಯಲ್ಲಿ ಬರೆದೆ: ನಿಂಬೆಹಣ್ಣು ಒಂದು, ಲೆಕ್ಕಕ್ಕೆ ಸಿಗಲಿಲ್ಲ.

ಭಾನುವಾರ ಹನ್ನೆರಡರೊಳಗೆ ಜಾಗ ಬಿಡಬೇಕಿತ್ತು. 9:15ಕ್ಕೆ ಕಾಕಾ ಗುಂಡಿ ಒತ್ತಿದರು. ಖೋಲಿ ಅರ್ಧ ದಾರಿ ಬಂದು, ನರಳಿ, ನಿಂತುಬಿಟ್ಟಿತು. ಕೋಣೆ ಹೊರಗೆ ಚಾಚಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಅವರು ಮತ್ತೆ ಒತ್ತಲು ಹೋದಾಗ ನಾನು ಕೈ ಹಿಡಿದೆ.

"ಬ್ಯಾಡ್ರಿ ಕಾಕಾ. ಜೋರು ಮಾಡಿದ್ರ ಕೆಳಗಿನ ಹಲ್ಲುಗಾಲಿ ಮುರಿತಾವ."

"ನಾ ಹೇಳಿದ್ನೋ ಇಲ್ಲೋ?" ಕಾಕು ಪರ್ಸಿನಿಂದ ಚೀಟಿ ತೆಗೆದರು. "ಹನ್ನೊಂದರ ತನಕ ನೋಡ್ತೀನಿ. ಆಮ್ಯಾಲ ಫೋನ್ ಮಾಡಾಕಿ ನಾ."

ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಬಸ್ಸನ್ನು ಡಿಪೋಗೆ ತಡವಾಗಿ ತಂದವರಲ್ಲ ಕಾಕಾ. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ನಾನು ಟೇಪ್ ಹಿಡಿದು ಅಳೆದೆ. ಖೋಲಿಯ ಮುಂದಿನ ತುದಿ ಗಾಡಿಯಿಂದ 402 ಮಿಲಿಮೀಟರ್ ಹೊರಗಿತ್ತು, ಹಿಂದಿನ ತುದಿ 421. ಹತ್ತೊಂಬತ್ತು ಮಿಲಿಮೀಟರ್ ಸೊಟ್ಟ! ನನಗೆ ಭಯಕ್ಕಿಂತ ಉಮೇದೇ ಹೆಚ್ಚಾಯಿತು. ಅಳತೆಗೆ ಸಿಕ್ಕ ತೊಂದರೆ ಅರ್ಧ ಕೈಗೆ ಸಿಕ್ಕ ಹಾಗೆ. ಕಾಕಾ ಮತ್ತು ನಾನು ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದೆವು. ಖೋಲಿ ಜಾರುವುದು ಎರಡು ಹಲ್ಲುಪಟ್ಟಿಗಳ ಮೇಲೆ. ಒಂದೇ ಉದ್ದ ಸರಳು ಎರಡೂ ಕಡೆಯ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಮುಂದಿನ ಪಟ್ಟಿ ಸ್ವಚ್ಛವಿತ್ತು. ಹಿಂದಿನದರ ಹಲ್ಲುಗಳ ನಡುವೆ ಏನೋ ಹಳದಿಯಾಗಿ ಅಂಟಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದೆ. ಸಿಪ್ಪೆ, ಎರಡು ಬೀಜ, ಘಮ್ಮೆನ್ನುವ ವಾಸನೆ.

"ಕಾಕು, ಐದನೇ ನಿಂಬಿಹಣ್ಣು ಸಿಕ್ತು!"

ಕಾಕು ಬಗ್ಗಿ ನೋಡಿದರು. "ಅಯ್ಯ! ಖೋಲಿನೂ ಹೊರಗ ಒಳಗ ಓಡಾಡ್ತೈತಿ, ಅದಕ್ಕೂ ಗಾಲಿ ಇರತಾವ ಅಂತ ಅಲ್ಲೊಂದು ಇಟ್ಟಿದ್ದೆ. ಗಾಡಿಗೆಲ್ಲಾ ಪೂಜಿ ಮಾಡಿ ಅದನ್ನೊಂದು ಬಿಡಾಕ ಬರತೈತೇನು?"

ಕಾಕಾ ಹುಲ್ಲಿನ ಮೇಲೆ ಮಲಗಿದಲ್ಲೇ ನಕ್ಕರು. "ದೃಷ್ಟಿ ತಗ್ಯಾಕ ಹೋಗಿ ಹಲ್ಲು ತಪ್ಪಿಸಿದ್ಯಲ್ಲ ಮಾರಾಯ್ತಿ!" ನಿಂಬೆಹಣ್ಣು ಸಿಕ್ಕಿ ಹಿಂದಿನ ಹಲ್ಲುಗಾಲಿ ಹಲ್ಲು ತಪ್ಪಿ ಜಾರಿತ್ತು; ನಿನ್ನೆಯ 'ಟಕ್', ಸಿಳ್ಳೆ, ಕಪಾಟಿನ ಬಾಗಿಲು ಎಲ್ಲಕ್ಕೂ ಅದೇ ಕಾರಣ.

"ನಗಬ್ಯಾಡ್ರಿ. ಮೊದಲ ಸರಿ ಮಾಡ್ರಿ, ಹತ್ತಾತು," ಎಂದು ಕಾಕು ಹಳೆಯ ಹಲ್ಲುಜ್ಜುವ ಬ್ರಷ್ ತಂದು, ಸೀರೆ ಸಿಕ್ಕಿಸಿ, ತಾವೇ ಕೆಳಗೆ ತೂರಿ ಪಟ್ಟಿ ಉಜ್ಜತೊಡಗಿದರು. ಚೀಟಿಯನ್ನು ಗಾಡಿಯ ಮೆಟ್ಟಿಲ ಮೇಲೆ ಚಹಾದ ಕಪ್ಪಿನಡಿ ಇಟ್ಟಿದ್ದರು.

ಸರಳಿನ ಎರಡು ಭಾಗಗಳನ್ನು ಜೋಡಿಸಿದ್ದ ಬೋಲ್ಟ್ ತೆಗೆದೆವು. ಈಗ ಹಿಂದಿನ ಕಡೆಯನ್ನಷ್ಟೇ ತಿರುಗಿಸಬಹುದಿತ್ತು. ಕಾಕಾ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರು, ನಾನು ಮೇಲಿನಿಂದ ಅಳತೆ ಕೂಗಿದೆ: "ಹನ್ನೆರಡು... ಏಳು... ಮೂರು... ನಿಲ್ರಿ! ಸಮ ಆತು!" ಮೂರು ಸಲ ಅಳೆದೆ. ಎರಡೂ ತುದಿ 402. ಬೋಲ್ಟ್ ಬಿಗಿದೆವು.

10:48ಕ್ಕೆ ಕಾಕಾ ಗುಂಡಿಯ ಮೇಲೆ ಬೆರಳಿಟ್ಟು ಕಾಕುವಿನ ಮುಖ ನೋಡಿದರು. "ಒತ್ರಿ," ಎಂದರು ಕಾಕು. ಖೋಲಿ ಮೂವತ್ತೆಂಟು ಸೆಕೆಂಡಿನಲ್ಲಿ, ಒಂದಿಷ್ಟೂ ನರಳದೆ ಒಳಗೆ ಬಂದು ಕುಳಿತಿತು. ನಾನು ಕೂಗಿದ ಕೂಗಿಗೆ ಪಕ್ಕದ ಕಾರವಾನಿನವರು ಹೊರಗೆ ಬಂದು ನೋಡಿದರು.

ಕಾಕುವಿನ ಬೆರಳುಗಳೆಲ್ಲ ಗ್ರೀಸು. ಅತ್ತಿತ್ತ ನೋಡಿದರು, ಬಟ್ಟೆ ಕಾಣಲಿಲ್ಲ. ಕಪ್ಪಿನಡಿಯ ಚೀಟಿ ಎಳೆದು, ಒಂದೊಂದೇ ಬೆರಳನ್ನು ನಿಧಾನವಾಗಿ ಒರೆಸಿಕೊಂಡು, ಅದನ್ನು ಉಂಡೆ ಮಾಡಿ ಕಸದ ಚೀಲಕ್ಕೆ ಹಾಕಿದರು. ಕಾಕಾ ಅದನ್ನು ಕಂಡರು. ಗಡಿಯಾರ ಕಟ್ಟಿಕೊಂಡು ಎಂಜಿನ್ ಶುರುಮಾಡಿದರು.

ಗೇಟು ದಾಟುವಾಗ ಹಿಂದೆ ತಿರುಗಿ ನೋಡಿದೆ. ಹುಲ್ಲಿನಲ್ಲಿ ಮೂವರು ಮಲಗಿದ್ದ ಗುರುತು ಇನ್ನೂ ಇತ್ತು. ದಾರಿಯುದ್ದಕ್ಕೂ ಸಿಳ್ಳೆ ಕೇಳಲಿಲ್ಲ. ಥೇಮ್ಸ್ ದಾಟುವ ಮೊದಲೇ ಡೈರಿ ತೆಗೆದು ನಿನ್ನೆಯ ಸಾಲನ್ನು ತಿದ್ದಿದೆ: ನಿಂಬೆಹಣ್ಣು ಐದು, ಗಾಲಿಗೆ ಐದು.