ಕೆಂಪು ಚಿನ್ನದ ಪ್ರೊಫೆಸರು

ನಮ್ಮ ಪ್ರೊಫೆಸರ ಬಲಗೈ ಬೆರಳ ತುದಿಗಳು ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗಿರುತ್ತಿದ್ದವು. ಚಿನ್ನದ ಲವಣ ಚರ್ಮಕ್ಕೆ ತಾಕಿದರೆ ಹಾಗಾಗುತ್ತದಂತೆ, ಸೋಪಿಗೆ ಹೋಗುವುದಿಲ್ಲ. ಗ್ಲೌಸ್ ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತಿದ್ದರು, ತಾವು ಮಾತ್ರ ಮರೆಯುತ್ತಿದ್ದರು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹೊಸೂರಿನ ಹತ್ತಿರದ ಕಾಲೇಜೊಂದರಲ್ಲಿ ಅವರ ಲ್ಯಾಬಿನ ಗಾಜಿನ ಸಾಮಾನು ತೊಳೆಯುವ ಕೆಲಸ ನನ್ನದು. ಇಷ್ಟು ವರ್ಷದಲ್ಲಿ ಒಂದು ಫ್ಲಾಸ್ಕೂ ಒಡೆದಿಲ್ಲ. ಅವರು ರಾಯಕೋಟೆ ಕಡೆಯ ಒಕ್ಕಲು ಮನೆಯವರು. ಪಾಠ ಇಂಗ್ಲಿಷಿನಲ್ಲಿ, ಆಫೀಸಿನಲ್ಲಿ ತಮಿಳು, ನನ್ನಂಥ ಕನ್ನಡದವರ ಹತ್ತಿರ ಮಾತ್ರ ಊರ ಕನ್ನಡ.

ಇಲ್ಲಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ.

"ಚಿನ್ನಾನ ಕಣ್ಣಿಗೆ ಕಾಣ್ದಷ್ಟು ಸಣ್ಣ ಮಾಡಿದ್ರೆ ನೀರು ಕೆಂಪಗಾಯ್ತದೆ ಕಣ್ಲಾ. ಆ ಚೂರು ಕ್ಯಾನ್ಸರ್ ಸೆಲ್ಲಿಗೆ ಅಂಟ್ಕೊಳ್ಳೋ ಹಂಗೆ ಮಾಡ್ತೀವಿ. ಮೈಕ್ರೋಸ್ಕೋಪಲ್ಲಿ ಹೊಳೀತದೆ, ಕಾಯ್ಲೆ ಎಲ್ಲದೆ ಅಂತ ಗೊತ್ತಾಯ್ತದೆ. ಆಮೇಲೆ ಬೆಳಕು ಬಿಟ್ರೆ ಚಿನ್ನ ಕಾದು ಆ ಸೆಲ್ಲು ಸಾಯ್ತದೆ."

"ಹಂಗಾರೆ ಕಾಯ್ಲೆ ವಾಸಿ ಆಯ್ತದಾ ಸಾರ್?"

"ಗಾಜಿನ ತಟ್ಟೇಲಿ ಆಯ್ತದೆ. ಮನ್ಷಂಗೆ ಇನ್ನೂ ದೂರ ಅದೆ. ಊರಲ್ಲಿ ಡಂಗೂರ ಹೊಡೀಬ್ಯಾಡ."

ಗಾಜು ತೊಳೆಯುವ ಕೊನೆಯ ನೀರು ಉಪ್ಪಿನಂಶವಿಲ್ಲದ ಡಿಸ್ಟಿಲ್ಡ್ ವಾಟರೇ ಆಗಿರಬೇಕು ಎಂಬುದು ಅವರ ಕಟ್ಟಳೆ. ಹಾಗೇ ತೊಳೆದು ಒಣಗಿಸಿಡುತ್ತಿದ್ದೆ. ಆದರೆ ನಮ್ಮ ಮನೆಗಳಲ್ಲಿ ಹಿಂದಿನ ದಿನ ತೊಳೆದಿಟ್ಟ ಪಾತ್ರೆಯನ್ನು ಬೆಳಿಗ್ಗೆ ಇನ್ನೊಮ್ಮೆ ಗಲಬರಿಸದೆ ಒಲೆಗಿಡುವುದಿಲ್ಲ. ಒಂದು ಸೋಮವಾರ, ರಜೆಯಲ್ಲಿ ಹಾಗೇ ಕೂತಿದ್ದ ಫ್ಲಾಸ್ಕುಗಳನ್ನು ಕಂಡು ಕೈ ಸುಮ್ಮನಿರಲಿಲ್ಲ. ಬೋರ್‌ವೆಲ್ ನಲ್ಲಿಗೆ ಹಿಡಿದು ಗಲಬರಿಸಿ ಕೊಟ್ಟೆ.

ಅವತ್ತು ಕೆಂಪಾಗಬೇಕಾದ ನೀರು ಮಂಕು ನೀಲಿಯಾಯಿತು. ರಿಸರ್ಚ್ ಮಾಡುತ್ತಿದ್ದ ಕೃಷ್ಣಗಿರಿಯ ಕನ್ನಡದ ಹುಡುಗಿ ಅವತ್ತಿನ ಪರೀಕ್ಷೆಗೆಂದೇ ವಾರಗಟ್ಟಲೆ ಬೆಳೆಸಿದ್ದ ಸೆಲ್ಲುಗಳನ್ನು, ಹೊತ್ತು ಮೀರಿತೆಂದು ಎಸೆಯಬೇಕಾಯಿತು. ಪ್ರೊಫೆಸರು ಎಲ್ಲರ ಮುಂದೆ, "ಕೈ ಶುದ್ಧ ಇಲ್ದೋರು ಈ ಕೆಲ್ಸಕ್ಕೆ ಯಾಕಮ್ಮ ಬತ್ತೀರಾ?" ಎಂದರು. ಎಲ್ಲೋ ನಲ್ಲಿ ನೀರಿನ ಉಪ್ಪು ಸೇರಿದೆ ಎಂದರು. ನನಗೆ ಆಗಲೇ ಗೊತ್ತಾಯಿತು. ಬಾಯಿ ಬಿಡಲಿಲ್ಲ. ನಾನು ತೊಳೆದದ್ದಕ್ಕೆ ಅದುವರೆಗೆ ಯಾರೂ ಬೆರಳು ತೋರಿಸಿರಲಿಲ್ಲ.

ಬುಧವಾರ ಸಂಜೆ ಹೋಗಿ ಹೇಳಿದೆ.

"ಎಲ್ಡು ದಿವ್ಸ ಯಾಕ್ಲಾ ಸುಮ್ಕಿದ್ದೆ?"

"ಮರ್ವಾದೆ ಸಾರ್."

"ಆ ಮಗೀಗೂ ಮರ್ವಾದೆ ಇತ್ತಲ್ಲಪ್ಪ."

ಅಷ್ಟೇ. ಬೈಯಲಿಲ್ಲ. ಎಲ್ಲರನ್ನೂ ಕರೆಸಿ, "ತಪ್ಪು ನಂದು, ನೋಡ್ದೆ ಬೈದೆ" ಎಂದು ಆ ಹುಡುಗಿಗೆ ಕೈ ಮುಗಿದರು. ನಾನೂ ಮುಗಿದೆ. ಮಾರನೆಯ ದಿನ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಕೆಂಪು ನೀರಿಗೆ ಒಂದಿಷ್ಟು ಉಪ್ಪುನೀರು ಬಿಟ್ಟು, ಅದು ನೀಲಿಯಾಗುವುದನ್ನು ತೋರಿಸಿದರು.

ಹೋದ ವರ್ಷ ಮಾವಿನ ಕಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ರಾಯಕೋಟೆಯಲ್ಲಿ ಅವರ ಮನೆ ಮುಂದೆ ಆ ಹುಡುಗಿ ಸಿಕ್ಕಳು. ಈಗ ಬೇರೆ ಕಾಲೇಜಿನಲ್ಲಿ ತಾನೇ ಪಾಠ ಮಾಡುತ್ತಾಳೆ.

"ಅಣ್ಣಾ, ನಿಮ್ಗೆ ಗೊತ್ತಿಲ್ಲ. ಮಂಗಳವಾರವೇ ಸಾರ್ ನೀವು ತೊಳ್ದು ಕೊಟ್ಟಿದ್ರಲ್ಲಿ ಮಿಕ್ಕಿದ್ ಫ್ಲಾಸ್ಕು ನೋಡಿದ್ರು. ತಳದಲ್ಲಿ ಉಪ್ಪಿನ ಬಿಳೀ ಕಲೆ ಇತ್ತು. ಆಗ್ಲೇ ನನ್ ಹತ್ರ ತಪ್ಪಾಯ್ತು ಅಂದ್ರು. ನಿಮ್ಮನ್ನ ಮಾತ್ರ ಕೇಳ್ಬ್ಯಾಡ, ಅವ್ನೇ ಬತ್ತಾನೆ, ಕಾಯಮ್ಮ ಅಂದ್ರು."

"ನಾನು ಬರ್ದೆ ಇದ್ದಿದ್ರೆ?"

"ನಾನೂ ಅದ್ನೇ ಕೇಳ್ದೆ. ಬತ್ತಾನೆ ಅಂದ್ರು, ಅಷ್ಟೇಯ."

ನನ್ನ ಮರ್ಯಾದೆ ಉಳಿಯಲೆಂದು ಆ ಹುಡುಗಿ ಮಾಡದ ತಪ್ಪಿನ ಬೈಗುಳವನ್ನು ಇನ್ನೊಂದು ದಿನ ಹೊತ್ತಿದ್ದಳು. ನಾನೋ, ಧೈರ್ಯ ಮಾಡಿ ಒಪ್ಪಿಕೊಂಡವನು ನಾನು ಎಂದು ಇಷ್ಟು ವರ್ಷ ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ.