ಬಿಚ್ಚಿದ ಮುಡಿಪು

ಮೊದಲು ಕಣ್ಣಿಗೆ ಬಿದ್ದದ್ದು ಗಂಜಿಯ ಬಟ್ಟಲು. ಮಗಳು ರಶ್ಮಿ ಮುಟ್ಟಿರಲಿಲ್ಲ. ಗಂಜಿ ಆರಿ ಮೇಲೆ ಪದರ ಕಟ್ಟಿತ್ತು.

ಹಸಿವಿಲ್ಲ ಎಂದಳು. ಮರುದಿನವೂ ಹಾಗೇ. ಮೂರು ತಿಂಗಳಲ್ಲಿ ನನ್ನ ಇಪ್ಪತ್ತಾರರ ಮಗಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮೂಡುಬಿದಿರೆಯ ಕಾಲೇಜಿನ ಕೆಲಸಕ್ಕೆ ಹೋಗುವುದನ್ನೂ ಬಿಟ್ಟಳು. ಬ್ಲಡ್ ಟೆಸ್ಟ್, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲ ಮಾಡಿಸಿದೆ. ನಾರ್ಮಲ್. ಪ್ರತಿ ನಾರ್ಮಲ್‌ಗೂ ನನ್ನ ಹೆದರಿಕೆ ಹೆಚ್ಚಿತು.

ಕೊನೆಗೆ ಮನೋವೈದ್ಯೆಯ ಬಳಿ ಹೋದೆವು. ಡಿಪ್ರೆಶನ್ ಎಂದರು. ಅವಳನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು, "ಮನಸ್ಸು ಬಿಚ್ಚಿ ಮಾತಾಡ್ಲಿಕ್ಕೆ ಅವಳಿಗೆ ಯಾರಾದ್ರೂ ಉಂಟಾ ಅಮ್ಮ?"

"ನಾನಿದ್ದೇನಲ್ಲ ಡಾಕ್ಟ್ರೇ."

ಸುಳ್ಳು.

ಊಟ ಬಿಡುವ ಮೊದಲು ಒಮ್ಮೆ ಅವಳು ನನ್ನಲ್ಲಿ ಎಲ್ಲ ಹೇಳಿದ್ದಳು. ಜೊತೆಗೆ ಕೆಲಸ ಮಾಡುವ ವೀಣಾ ಬರೀ ಗೆಳತಿಯಲ್ಲ, ಬಾಳಿದರೆ ಅವಳೊಂದಿಗೇ ಎಂದಿದ್ದಳು. ಇಬ್ಬರೂ ದೂರವಾಗಲಿ ಎಂದು ನಾನು ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರೆದುರು ಮುಡಿಪಿಟ್ಟೆ. ಅದನ್ನು ಮುಟ್ಟಿಸಿ, ಇನ್ನು ಅವಳೊಂದಿಗೆ ಮಾತಿಲ್ಲವೆಂದು ರಶ್ಮಿಯಿಂದ ಆಣೆ ಹಾಕಿಸಿದೆ. ಮಗಳು ಮಾತಿಗೆ ತಪ್ಪಲಿಲ್ಲ. ದೇವರು ನಡೆಸಿಕೊಟ್ಟ ಎಂದು ನಾನು ನೆಮ್ಮದಿಯಲ್ಲಿದ್ದೆ.

ಡಾಕ್ಟರಲ್ಲಿಂದ ಬಂದ ಸಂಜೆ ನಾನು ಅವಳ ತಲೆ ಬಾಚುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು, "ಬೆಳಿಗ್ಗೆ ಯಾಕೆ ಏಳುವುದು ಅಂತಲೇ ಗೊತ್ತಾಗುವುದಿಲ್ಲ ಅಮ್ಮ."

ಬಾಚಣಿಗೆ ಕೆಳಗಿಟ್ಟೆ.

ಅವಳನ್ನು ದೇವರ ಕೋಣೆಗೆ ಕರೆದೊಯ್ದು, ಅವಳೆದುರೇ ಮುಡಿಪಿನ ಗಂಟು ಬಿಚ್ಚಿದೆ. ಹೇಳಿಕೊಂಡ ಹರಕೆಯನ್ನು ಹಿಂದೆ ಪಡೆದರೆ ಮನೆಗೆ ಏನು ಬರುತ್ತದೋ! "ನಿನ್ನ ಆಣೆ ನನ್ನ ತಲೆಗಿರಲಿ" ಎಂದೆ. ವೀಣಾಳಿಗೆ ಫೋನ್ ಮಾಡಿದವಳೂ ನಾನೇ.

ಆದಿತ್ಯವಾರ ನರಿಕೊಂಬಿನ ನಮ್ಮ ಮನೆಗೆ ಬಂದ ವೀಣಾ ಅಂಗಳದಲ್ಲೇ ನಿಂತಳು. "ಒಳಗೆ ಬರಬಹುದಾ ಆಂಟಿ?"

"ಚಪ್ಪಲಿ ಬಿಸಿಲಲ್ಲಿ ಬಿಡ್ಬೇಡ, ಹೋಗುವಾಗ ಕಾಲು ಸುಡ್ತದೆ" ಎಂದೆ.

ರಶ್ಮಿಯನ್ನು ನೋಡಿ ಅವಳು, "ಎಂತ ಮಾರಾಯ್ತಿ, ಒಣಮೀನಿನ ಹಾಗೆ ಆಗಿದ್ದೀಯಲ್ಲ!" ಎಂದಳು. ನನ್ನ ಮಗಳು ನಕ್ಕಳು. ಆಮೇಲೆ ಅತ್ತಳು. ಆ ಮಧ್ಯಾಹ್ನ ಉಪ್ಪಿನಕಾಯಿ ನೆಂಚಿಕೊಂಡು ಅರ್ಧ ಬಟ್ಟಲು ಗಂಜಿ ಉಂಡಳು.

ಮಾತ್ರೆ ಈಗಲೂ ಉಂಟು. ಕೆಲವು ದಿನ ಬಟ್ಟಲು ತುಂಬಿದ್ದ ಹಾಗೆಯೇ ವಾಪಸು ಬರುತ್ತದೆ. ಮಸ್ಕತ್‌ನಲ್ಲಿರುವ ಅವಳ ಅಪ್ಪನಿಗೆ ವೀಣಾಳ ವಿಷಯ ಇನ್ನೂ ಹೇಳಿಲ್ಲ. ಅವರ ಫೋನ್ ಬಂದರೆ ಬೇರೆ ಸುದ್ದಿ ಮಾತಾಡಿ ಇಡುತ್ತೇನೆ. ಆದರೆ ಆದಿತ್ಯವಾರಗಳಲ್ಲಿ ಬಟ್ಟಲು ಖಾಲಿ. ಅಷ್ಟನ್ನಾದರೂ ದೇವರು ಕೊಟ್ಟಿದ್ದಾನೆ.

ಮುಡಿಪಿನ ಆ ನಾಣ್ಯವನ್ನು ಮೊನ್ನೆ ದೇವಸ್ಥಾನದಲ್ಲಿ ತಪ್ಪುಕಾಣಿಕೆಯಾಗಿ ಹಾಕಿದೆ.

"ಎಂತ ತಪ್ಪಾಯ್ತು ಅಮ್ಮ?" ಭಟ್ರು ಕೇಳಿದರು.

"ಕೇಳಬಾರದ್ದನ್ನು ಕೇಳಿದ್ದೆ ಭಟ್ರೇ."

ಅವರು ಎಲೆಯಲ್ಲಿ ಪ್ರಸಾದ ಕೊಟ್ಟರು. ನಾನು ಪುನಃ ಕೈ ಚಾಚಿದೆ.

"ಇನ್ನೊಂದು ಕೊಡಿ ಭಟ್ರೇ. ಇವತ್ತು ಆದಿತ್ಯವಾರ, ಆ ಹುಡುಗಿ ಬರ್ತಾಳೆ."