ಬತ್ತೀನಿ ಅನ್ನವ್ವ

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರ ಎದುರು ಕೂತು ಅವರ ಮಾತಿನಲ್ಲಿ ತಪ್ಪು ಹುಡುಕುವುದು ನನ್ನ ಹಳೆಯ ಚಟ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವನು ನಾನು. ನಡೆದದ್ದು ಒಂದಾದರೆ ನೆನಪಾಗುವುದು ಇನ್ನೊಂದು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ಆದ್ದರಿಂದ ಮುಂದೆ ಹೇಳುವುದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ನನಗೇ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ದಿನವೂ ಡೈರಿ ಬರೆಯುವ ನಾನು ಅವತ್ತು ಬರೆದದ್ದು ‘ಬೀಗರಿಗೆ ರೂಮು ಗೊತ್ತಾಯಿತು’ ಎಂದಷ್ಟೇ.

ತೊಂಬತ್ತರ ದಶಕದ ಕೊನೆ. ನನ್ನ ತಂಗಿ ಪ್ರೇಮಳ ಮದುವೆ. ನಾವು ನಂಜನಗೂಡಿನವರು, ಗಂಡಿನ ಕಡೆಯವರು ಟಿ. ನರಸೀಪುರದವರು. ಮುಹೂರ್ತ ಬೆಳಗಿನ ಜಾವಕ್ಕಿದ್ದುದರಿಂದ ಅವರು ಹಿಂದಿನ ದಿನವೇ ಬಂದು ಉಳಿಯಬೇಕಿತ್ತು. ಛತ್ರದ ಚಾಪೆಯ ಮೇಲೆ ಮಲಗುವವರು ತಾವಲ್ಲ, ಒಳ್ಳೆಯ ಲಾಡ್ಜೇ ಆಗಬೇಕು ಎಂದು ಹುಡುಗನ ತಾಯಿ ಹೇಳಿ ಕಳಿಸಿದ್ದರು. ಅವರಿಗೆ ಮಂಡಿ ನೋವು. ಕಮೋಡ್ ಇರಲೇಬೇಕು.

ಮದುವೆಗಳ ಕಾಲ. ಬಸ್ ಸ್ಟ್ಯಾಂಡಿನ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ಮೊದಲು ನೋಡಿದ ಲಾಡ್ಜಿನ ಹಾಸಿಗೆಯಲ್ಲಿ ತಿಗಣೆ. ಎರಡನೆಯದರ ಕೆಳಗೇ ಬಾರು. ಮೂರನೆಯದು ನಮ್ಮ ಕೈಗೆಟಕುವ ಬಾಡಿಗೆಯದು. ಹೊದಿಕೆಗಳಲ್ಲಿ ಸೋಪಿನ ವಾಸನೆಯಿತ್ತು, ಕಿಟಕಿ ತೆರೆದರೆ ಹೊಳೆಯ ಕಡೆಯ ಗಾಳಿ ಬರುತ್ತಿತ್ತು. ಮ್ಯಾನೇಜರ್ ಪುಟ್ಟಸ್ವಾಮಿ ಮಾತುಗಾರ.

“ಕೆಳ್ಗಡೆ ರೂಮವೆ, ಕಮೋಡ್ ಇಲ್ಲ ಸಾ. ಕಮೋಡ್ ಇರದು ಮ್ಯಾಲ್ಗಡೆ ಒಂದೇ ರೂಮ್ಗೆ.”

“ಮಂಡಿ ನೋವಿನವರು ಮೆಟ್ಟಿಲು ಹತ್ತೋದು ಹೇಗ್ರೀ?”

“ಅತ್ತದು ಒಂದೆರಡು ಸಲ ಸಾ. ಕೂರದು ಎಷ್ಟು ಸಲವೋ! ನೀವೇ ಯೋಚ್ನೆ ಮಾಡಿ.”

ಇಬ್ಬರೂ ನಕ್ಕೆವು. ಮೇಲೆ ಹೋಗಿ ರೂಮು ನೋಡಿದೆ. ಹಿಡಿಸಿತು. ಮಧ್ಯಾಹ್ನದ ಹೊತ್ತು, ಚುರುಗುಡುವ ಬಿಸಿಲು. ಪುಟ್ಟಸ್ವಾಮಿ ಬಾಗಿಲಿಗೆ ಬೀಗ ಹಾಕಲು ಬಗ್ಗಿದ್ದ, ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಆಗ ಮೆಟ್ಟಿಲ ಕಡೆಯಿಂದ ಕೇಳಿಸಿತು: “ಓಯ್ತೀನಿ ಕಣಣ್ಣ.”

ಪ್ರೇಮಳ ದನಿ. ಅನುಮಾನವೇ ಇರಲಿಲ್ಲ. ನಾನು ತಿರುಗುವ ಮೊದಲೇ ಪುಟ್ಟಸ್ವಾಮಿ ಬಗ್ಗಿದಲ್ಲಿಂದಲೇ, ಮಕ್ಕಳನ್ನು ತಿದ್ದುವಂತೆ, “ಓಯ್ತೀನಿ ಅನ್ಬಾರ್ದು ಕಣವ್ವ, ಬತ್ತೀನಿ ಅನ್ನವ್ವ” ಅಂದ. ನಮ್ಮ ಕಡೆ ಹೊರಟವರ ಬಾಯಲ್ಲಿ ಆ ಮಾತು ಬಂದರೆ ಯಾರಾದರೂ ತಿದ್ದಿಯೇ ತಿದ್ದುತ್ತಾರೆ. ಸಾಯುವವರು ಮಾತ್ರ ಹೋಗುತ್ತೇನೆ ಎನ್ನುವುದು.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. “ಪಕ್ಕದ್ ರೂಮ್ನೋರಿರ್ಬೇಕು ಬುಡಿ ಸಾ” ಎಂದು ಇಳಿದುಬಿಟ್ಟ. ಮನೆಗೆ ಬಂದರೆ ಪ್ರೇಮ ಹಜಾರದಲ್ಲಿ ಅಮ್ಮನ ಜೊತೆ ಅಕ್ಕಿ ಆರಿಸುತ್ತಿದ್ದಳು. ಬೆಳಗಿನಿಂದ ಮನೆ ಬಿಟ್ಟಿರಲಿಲ್ಲ.

ಮದುವೆ ನಡೆಯಿತು. ಬೀಗಿತ್ತಿ ಒಂದೊಂದು ಮೆಟ್ಟಿಲಿಗೂ ನಿಂತು, ನೋಡುವವರಿಗೆಲ್ಲ ತಮ್ಮ ಮಂಡಿ ತೋರಿಸುತ್ತಾ ಹತ್ತಿದರು. ನಾನು ಕಮೋಡಿನ ವಿಷಯ ಹೇಳಲು ಹೋದರೆ ನೆಂಟರ ಎದುರು ಅದೊಂದು ತಮಾಷೆಯಾಯಿತು. “ಓದ್ದೋನಂತೆ! ಕಕ್ಕಸ್ ನೋಡಿ ರೂಮ್ ಇಡ್ದವ್ನೆ, ಮೆಟ್ಲು ಕಾಣ್ನಿಲ್ವಂತೆ” ಎಂದು ಹುಡುಗನ ಸೋದರಮಾವ ಅಂದ. ಎಲ್ಲರೂ ನಕ್ಕರು. ನಗದವರು ಬೀಗಿತ್ತಿ ಒಬ್ಬರೇ.

ಹೆಣ್ಣು ಕಳಿಸಿಕೊಡುವಾಗ ವ್ಯಾನು ಲಾಡ್ಜಿನ ಮುಂದೆ ನಿಂತಿತ್ತು. ಅಮ್ಮ ಮಡಿಲಕ್ಕಿ ಸರಿಮಾಡುತ್ತಾ “ಗೌರಿ ಅಬ್ಬಕ್ಕೆ ಕರ್ಕೊಂಡ್ಬರ್ತೀವಿ” ಅಂದರು. ಬೀಗಿತ್ತಿ ದನಿ ಎತ್ತಲೂ ಇಲ್ಲ.

“ನಿಮ್ಗಾಗಿ ನಾನು ಮೆಟ್ಲು ಅತ್ತಿದ್ದು ಸಾಕು. ಇನ್ನು ನಿಮ್ಮನೆ ಮೆಟ್ಲ ನನ್ ಸೊಸೆ ಅತ್ತಲ್ಲ. ಏನವ್ವಾ, ಬತ್ತೀನಿ ಗಿತ್ತೀನಿ ಅನ್ಬ್ಯಾಡ. ಓಯ್ತೀನಿ ಅಂತ ಏಳಿ ವ್ಯಾನ್ ಅತ್ತು.”

ತಮಾಷೆಗಿರಬೇಕು ಎಂದು ಯಾರೋ ನಗಲು ನೋಡಿದರು. ಹುಡುಗ ತನ್ನ ಚಪ್ಪಲಿ ನೋಡುತ್ತಿದ್ದ. ಪ್ರೇಮ ನನ್ನ ಕಡೆ ತಿರುಗಿ ಅಂದಳು: “ಓಯ್ತೀನಿ ಕಣಣ್ಣ.”

ಅದೇ ದನಿ, ಅದೇ ಎಳೆತ. ಅಷ್ಟು ಜನರಲ್ಲಿ ಅವತ್ತು ಯಾರೂ ಅವಳನ್ನು ತಿದ್ದಲಿಲ್ಲ. ವ್ಯಾನು ಹೊರಟಿತು.

ಗೌರಿ ಹಬ್ಬಕ್ಕೆ ಅವಳನ್ನು ಕಳಿಸಲಿಲ್ಲ. ಕರೆಯಲು ಹೋದ ಅಪ್ಪನಿಗೆ ಜಗಲಿಯ ಮೇಲೆ ಕಾಫಿ ಕೊಟ್ಟು ವಾಪಸು ಕಳಿಸಿದರು. ಬಾಣಂತನಕ್ಕೂ ಕಳಿಸಲಿಲ್ಲ. ಅಪ್ಪ ತೀರಿಕೊಂಡ ದಿನ ಬಂದಳು. ಬೀದಿಯಲ್ಲೇ ನಿಂತು ಅತ್ತಳು. ಅಮ್ಮ “ಒಳಿಕ್ ಬಾರವ್ವ” ಎಂದು ಕೈಹಿಡಿದು ಎಳೆದರೆ ಮಗನ ತಲೆ ಮುಟ್ಟಿ ತೋರಿಸಿದಳು. ಅತ್ತೆ ಆಣೆ ಹಾಕಿಸಿಕೊಂಡಿದ್ದರು. ನಮ್ಮ ಮನೆಗಿರುವುದು ಮೂರೇ ಮೆಟ್ಟಿಲು.

ಆಮೇಲೆ ನನಗೆ ಒಂದು ಯೋಚನೆ ಹತ್ತಿಕೊಂಡಿತು. ಮದುವೆಯ ದಿನ ಕೇಳಿದ ಮಾತನ್ನು ನಾನೇ ರೂಮು ನೋಡಿದ ದಿನಕ್ಕೆ ಅಂಟಿಸಿಕೊಂಡಿರಬಹುದಲ್ಲ? ನಾನು ಓದಿದ್ದೂ ಅದನ್ನೇ ಹೇಳುತ್ತದೆ. ಕೆಲವು ವರ್ಷ ಕಳೆದ ಮೇಲೆ ಲಾಡ್ಜಿಗೆ ಹೋಗಿ, ‘ಬತ್ತೀನಿ ಅನ್ನವ್ವ’ ಎಂದು ತಿದ್ದಿದ್ದು ರೂಮು ನೋಡಿದ ದಿನವೋ ಮದುವೆಯ ದಿನವೋ ಎಂದು ಪುಟ್ಟಸ್ವಾಮಿಯನ್ನು ಕೇಳಿದೆ. ಅವನ ಕೂದಲು ನೆರೆತಿತ್ತು, ಆದರೆ ಗುರುತು ಹಿಡಿದ.

“ಮದ್ವೆ ದಿನ ನಾನು ಇರ್ನೇ ಇಲ್ವಲ್ಲ ಸಾ, ನಂಟ್ರ ಮನ್ಗೋಗಿದ್ದೆ. ನೀವು ರೂಮ್ ನೋಡಕ್ ಬಂದಾಗ ಜೊತೇಲಿ ಬಂದಿದ್ರಲ್ಲ, ಕೈ ತುಂಬ ಅಸ್ರು ಬಳೆ ಇಟ್ಕಂಡು? ಆ ತಂಗವ್ವಂಗೆ ಏಳಿದ್ದೆ.”

ಜೊತೆಯಲ್ಲಿ ಯಾರೂ ಬಂದಿರಲಿಲ್ಲ, ಪಕ್ಕದ ರೂಮಿನವರಿರಬೇಕು ಎಂದು ಅವತ್ತು ನೀವೇ ಅಂದಿರಲ್ಲ ಎಂದೆ. ಪ್ರೇಮಳಿಗೆ ಮದುವೆಯ ಹಸಿರು ಬಳೆ ತೊಡಿಸಿದ್ದು ರೂಮು ಗೊತ್ತಾದ ಮೇಲೆ ಎಂದೂ ಹೇಳಿದೆ. ಅವನು ತಲೆಯಾಡಿಸಿದ.

“ಬಂದಿದ್ರು ಸಾ. ನಾನು ಏಳ್ಕೊಟ್ಟಂಗೇ ಬತ್ತೀನಿ ಅಂತಾನೂ ಅಂದ್ರು. ಮೆಲ್ಗಂದ್ರು. ನಿಮ್ಗೇ ಕೇಳುಸ್ನಿಲ್ವೇನೋ.”

ನನಗೆ ಕೇಳಿಸಿರಲಿಲ್ಲ. ಅವನಿಗೆ ಬೇರೆ ಯಾವುದೋ ಹುಡುಗಿಯ ನೆನಪೋ, ನನ್ನ ಮುಖ ನೋಡಿ ಸಮಾಧಾನಕ್ಕೆ ಅಂದದ್ದೋ ಗೊತ್ತಿಲ್ಲ. ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಸಿಕ್ಕಿಲ್ಲ. ಟಿ. ನರಸೀಪುರದ ಬಸ್ಸು ಈಗ ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಅದು ನಿಂತ ಸದ್ದಾದರೆ ಅಮ್ಮ ಎದ್ದು ಹೋಗಿ ಮೆಟ್ಟಿಲು ಗುಡಿಸುತ್ತಾರೆ. ಪುಟ್ಟಸ್ವಾಮಿ ಹೇಳಿದ್ದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.